ಮಂಡ್ಯದ ಅಸೆಂಬಲ್ಡ್ ಸ್ಟೀರಿಯೊ: ಮೂವತ್ತೈದು ವರ್ಷ ದಾಟಿದ ಮೇಲೆ

ಇದಕ್ಕೆ ಕಂಪನಿಯೂ ಇಲ್ಲ, ಮಾಡೆಲ್ ನಂಬರೂ ಇಲ್ಲ. 1987ರಲ್ಲಿ ಮಂಡ್ಯದ ರೇಡಿಯೊ ರಿಪೇರಿಯವರೊಬ್ಬರು ಜೋಡಿಸಿಕೊಟ್ಟ ಸೆಟ್. ತಗಡಿನ ಡಬ್ಬದಲ್ಲಿ ಆಂಪ್ಲಿಫೈಯರ್, ಅದರ ಮುಖಕ್ಕೇ ಕೂರಿಸಿದ ಕ್ಯಾಸೆಟ್ ಡೆಕ್, ಬಡಗಿ ಮಾಡಿದ ಎರಡು ಪ್ಲೈವುಡ್ ಪೆಟ್ಟಿಗೆಗಳಲ್ಲಿ ಎಂಟು ಇಂಚಿನ ಸ್ಪೀಕರ್‌ಗಳು. ದೊಡ್ಡ ಕಂಪನಿಗಳ ಸೆಟ್ಟು ಸಕ್ಕರೆ ಕಾರ್ಖಾನೆಯ ಸಂಬಳಕ್ಕೆ ನಿಲುಕುವ ಮಾತಾಗಿರಲಿಲ್ಲ. ಈಗ ಇಂಥವನ್ನೇ ‘ವಿಂಟೇಜ್’ ಎಂದು ಕರೆದು ಮೈಸೂರಿನಲ್ಲಿ ಕೆಲವರು ಕೈಗೆಟುಕದ ಬೆಲೆ ಹೇಳುತ್ತಿದ್ದಾರೆ. ಕೊಳ್ಳುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಂಪ್ಲಿಫೈಯರ್. ಒಳಗಿರುವುದು ಎಲ್‌ಎ4440 ಎಂಬ ಒಂದೇ ಐಸಿ, ಅಂದರೆ ಆಂಪ್ಲಿಫೈಯರ್ ಸರ್ಕ್ಯೂಟನ್ನೇ ಒಳಗಿಟ್ಟುಕೊಂಡ ಚಿಪ್. ಆ ಕಾಲದ ಅಸೆಂಬಲ್ಡ್ ಸೆಟ್‌ಗಳ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಲೆಕ್ಕದಲ್ಲಿ ನೂರಾರು ವ್ಯಾಟ್ ಎಂದು ಸ್ಟಿಕ್ಕರ್ ಅಂಟಿಸುತ್ತಿದ್ದರು. ಆ ಲೆಕ್ಕಕ್ಕೆ ತಲೆಬುಡ ಇರಲಿಲ್ಲ. ಈ ಐಸಿಯ ನಿಜವಾದ ಶಕ್ತಿ ಒಂದೊಂದು ಸ್ಪೀಕರಿಗೆ 6 ವ್ಯಾಟ್, ಅದೂ ಧ್ವನಿ ಒಡೆಯುವ ಮಟ್ಟದಲ್ಲಿ. ಆದರೆ ನಡುಮನೆಗೆ ಅಷ್ಟು ಧಾರಾಳವಾಗಿ ಸಾಕು. ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಅರ್ಧ ವಾಲ್ಯೂಮಿನಲ್ಲಿ ಹಾಕಿದರೆ ಮೀಟಿದ ತಂತಿಯ ನಾದ ಕ್ಷೀಣಿಸುತ್ತಾ ಹೋಗುವುದು ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ.

ಇದರ ದೊಡ್ಡ ಕಾಯಿಲೆ ವೋಲ್ಟೇಜ್. ಹೆಚ್ಚಿನವರು 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕುತ್ತಿದ್ದರು. ಎಸಿಯನ್ನು ಡಿಸಿ ಮಾಡುವ ಡಯೋಡು, ಕೆಪಾಸಿಟರ್ ದಾಟಿದ ಮೇಲೆ ಅದೇ ಸುಮಾರು 16 ವೋಲ್ಟ್ ಆಗುತ್ತದೆ. ಐಸಿ ಕೆಲಸ ಮಾಡುವಾಗ ತಾಳಿಕೊಳ್ಳುವ ಮಿತಿ 18. ಮನೆಯ ಕರೆಂಟು 230ರಿಂದ 260ಕ್ಕೆ ಏರಿತೆಂದರೆ ಆ ಮಿತಿಯೂ ದಾಟಿತು. ನಮ್ಮ ಕಡೆ ಸಂಜೆ ಬಲ್ಬು ಮಿಣುಕುವಷ್ಟು ಇಳಿದು, ಊರೆಲ್ಲ ಮಲಗಿದ ಮೇಲೆ ಏರುತ್ತಿದ್ದ ವೋಲ್ಟೇಜಿಗೆ ಹಲವು ಐಸಿಗಳು ಬಲಿಯಾದವು. ಸ್ಟೆಬಿಲೈಜರ್ ಬಂದ ಮೇಲೆ ಆ ಕಾಟ ನಿಂತಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಐಸಿ ಅಗ್ಗವಾಗಿಯೇ ಸಿಗುತ್ತದೆ. ಒಮ್ಮೆ ಸ್ಪೀಕರ್‌ನಲ್ಲಿ ಬಿಡದೆ ಗುಂಯ್ ಎನ್ನತೊಡಗಿತ್ತು. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿದ್ದು ಕಾರಣ. ಹೊಸದನ್ನು ಬೆಸುಗೆ ಹಾಕಿದೊಡನೆ ಸದ್ದು ಅಡಗಿತು. ಬೆಸುಗೆ ಕಡ್ಡಿ ಹಿಡಿಯಲು ಬಂದರೆ ಸಾಕು, ಇದನ್ನು ಗುಜರಿಗೆ ಹಾಕುವ ಪ್ರಸಂಗ ಬರುವುದಿಲ್ಲ.

ಡೆಕ್ ಬಗ್ಗೆ ಅಷ್ಟು ಒಳ್ಳೆಯ ಮಾತು ಬರುವುದಿಲ್ಲ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲೇ ಓಡಬೇಕು. ರಬ್ಬರ್ ಬೆಲ್ಟ್ ಸಡಿಲವಾದರೆ ಗಾಯಕರು ಶ್ರುತಿ ಬಿಟ್ಟು ಅಲೆಯತೊಡಗುತ್ತಾರೆ. ಹಳೆಯ ಬೆಲ್ಟ್‌ಗಳು ಕರಗಿ ಡಾಂಬರಿನಂತೆ ಅವು ಓಡುವ ಪುಲ್ಲಿ ಚಕ್ರಕ್ಕೆ ಅಂಟಿಕೊಳ್ಳುತ್ತವೆ, ಅದನ್ನು ಸ್ಪಿರಿಟ್ ಹಚ್ಚಿ ಉಜ್ಜಿ ತೆಗೆಯುವುದು ಮಧ್ಯಾಹ್ನವಿಡೀ ಹಿಡಿಯುವ ಕೆಲಸ. ಟೇಪಿನಿಂದ ಧ್ವನಿ ಓದುವ ಹೆಡ್ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ತಾಳದ ಕಿಣಿಕಿಣಿ ಮಾಯ. ಟೇಪಿನ ಸದ್ದು ತಗ್ಗಿಸುವ ಡಾಲ್ಬಿ ವ್ಯವಸ್ಥೆ ಇಲ್ಲದ್ದರಿಂದ ಮೆಲುದನಿಯ ಹಾಡುಗಳ ಹಿಂದೆ ಹಿಸ್ ಎಂಬ ಸದ್ದು ಖಾಯಂ. ಹಾಡುಗಳ ಪಟ್ಟಿ ಕೊಟ್ಟರೆ ತುಂಬಿಸಿಕೊಡುವ ಅಂಗಡಿಗಳಲ್ಲಿ ಸಿ-60 (60 ನಿಮಿಷದ) ಕ್ಯಾಸೆಟ್‌ಗೆ ತುಂಬಿಸಿದ್ದವು ಉಳಿದಿವೆ. ಹಣ ಉಳಿಸಲೆಂದು 120 ನಿಮಿಷದ ಸಿ-120ಕ್ಕೆ ತುಂಬಿಸಿದವು ಟೇಪ್ ತೆಳುವಾದ್ದರಿಂದ ರೋಲರಿಗೆ ಸುತ್ತಿಕೊಂಡು ಹಾಳಾದವು. ‘ಆ ಕಾಲದ ಧ್ವನಿಯೇ ಬೇರೆ’ ಎನ್ನುವವರು ಮೊದಲು ಈ ಹಿಸ್ ಕೇಳಿಸಿಕೊಳ್ಳಲಿ.

ಈ ಸೆಟ್ಟಿನಲ್ಲಿ ರೇಡಿಯೊ ಕೂಡ ಇತ್ತು, ಆ ಭಾಗಕ್ಕೆ ಎರಡು ಸ್ಪೀಕರ್‌ಗಳ ಅಗತ್ಯವೇ ಇರಲಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಬಾನುಲಿ ಕೇಂದ್ರ ತೆರೆದ ಮೈಸೂರು ಪಕ್ಕದಲ್ಲೇ ಇತ್ತು, ನಿಜ. ಆದರೆ ಮೀಡಿಯಂ ವೇವ್‌ನಲ್ಲಿ ನಮಗೆ ಬರುತ್ತಿದ್ದುದು ಮೋನೊ, ಎರಡೂ ಪೆಟ್ಟಿಗೆಗಳಲ್ಲಿ ಒಂದೇ ದನಿ.

ಸ್ಪೀಕರ್‌ಗಳು ಪರವಾಗಿಲ್ಲ. ಕಾಗದದ ಕೋನಿಗೆ ಬಟ್ಟೆಯ ಅಂಚು ಇದ್ದುದರಿಂದ ಬದುಕಿವೆ. ಸ್ಪಂಜಿನ ಅಂಚಿನವು ಇಷ್ಟರಲ್ಲಿ ಪುಡಿಯಾಗಿರುತ್ತವೆ.

ಈಗ ಹೊರಗಿನ ಧ್ವನಿ ಒಳಕ್ಕೆ ಕೊಡಲು ಹಿಂಬದಿಯಲ್ಲಿರುವ ಐದು ಪಿನ್ನಿನ ಹಳೆಯ ಮಾದರಿಯ ಡಿನ್ ಸಾಕೆಟ್ಟಿಗೆ ತಂತಿ ಮಾಡಿಸಿ ಮೊಬೈಲ್ ಜೋಡಿಸಿದ್ದೇನೆ, ದಿನವೂ ಕೇಳುತ್ತೇನೆ. ಕೊಳ್ಳಹೊರಟವರು ಡೆಕ್ ಕೆಟ್ಟಿದೆ ಎಂದು ಹಿಂಜರಿಯಬೇಡಿ, ಆ ನೆಪದಲ್ಲಿ ಬೆಲೆ ಇಳಿಸಿ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಇದೆಯೇ, ಸ್ಪೀಕರ್ ಅಂಚು ಗಟ್ಟಿಯಿದೆಯೇ, ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುತ್ತದೆಯೇ ನೋಡಿ. ಕರಕರ ಎಂದರೂ ಚಿಂತೆಯಿಲ್ಲ, ಆ ಕಂಟ್ರೋಲ್ ಬದಲಿಸುವುದು ಸುಲಭ. ಐದರಲ್ಲಿ ಆಂಪ್ಲಿಫೈಯರ್‌ಗೆ ನಾಲ್ಕು ಅಂಕ, ಡೆಕ್‌ಗೆ ಒಂದೂವರೆ.