ಪಾತ್ರ ಕಟ್ಟುವುದು ಕಲಿಸುವ ದಾವಣಗೆರೆಯ ಎರಡು ದಿನದ ಶಿಬಿರ: ನನ್ನ ಅನುಭವ

ಪಿ.ಜೆ. ಬಡಾವಣೆಯಲ್ಲಿ ಹೋದ ಶನಿವಾರ, ಭಾನುವಾರ ಕತೆ ಬರೆಯುವವರ ಶಿಬಿರ ಇತ್ತು. ಓದುವವರು ನಂಬುವ ಹಾಗೆ ಪಾತ್ರ ಕಟ್ಟುವುದು ಹೇಗೆ, ಅದೊಂದೇ ವಿಷಯ. ಊಟ ಸೇರಿ 900 ರೂಪಾಯಿ.

ಮೊದಲ ದಿನ ಬೆಳಗ್ಗೆ ಪೂರ್ತಿ ದಂಡ. ನಾಲ್ಕು ಪುಟದ ಫಾರಂ ಕೊಟ್ಟರು. ಪಾತ್ರದ ಎತ್ತರ, ರಾಶಿ, ಇಷ್ಟದ ಬಣ್ಣ, ಇಷ್ಟದ ತಿಂಡಿ. ನನ್ನ ಕತೆಯ ಹಾಲಪ್ಪ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಬಟ್ಟೆ ಮಿಲ್ಲಿನ ಕಾರ್ಮಿಕ. ಎಲ್ಲಾ ಖಾನೆ ತುಂಬಿಸಿದೆ, ಹಾಲಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ. ಆಮೇಲೆ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಹೇಳಿದ ಚಪ್ಪಟೆ ಪಾತ್ರ, ದುಂಡು ಪಾತ್ರದ ಪಾಠ ಆಯ್ತು. ಚಪ್ಪಟೆ ಪಾತ್ರ ಅಂದರೆ ಒಂದೇ ಗುಣದ ಮೇಲೆ ನಿಂತದ್ದು. ದುಂಡು ಪಾತ್ರ ನಮಗೆ ಅಚ್ಚರಿ ಹುಟ್ಟಿಸಬೇಕು, ಆದರೂ ನಂಬಿಕೆ ಕೆಡಬಾರದು. ಒಳ್ಳೆಯ ಮಾತು, ಆದರೆ ನಮ್ಮ ಕಡೆಯ ಒಂದು ಉದಾಹರಣೆಯನ್ನೂ ಕೊಡಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಮಂಡಕ್ಕಿ ಅಂಗಡಿಗೆ ಕರೆದುಕೊಂಡು ಹೋದರು. ಮುಖ, ಬಟ್ಟೆ ಬರೆದುಕೊಳ್ಳಬೇಡಿ, ಕೈ ನೋಡಿ ಅಂದರು. ಒಬ್ಬರು ಹಿರಿಯರು ಖಾರ ಜಾಸ್ತಿ ಆಯ್ತು ಅಂತ ಅಂಗಡಿ ಹುಡುಗನಿಗೆ ಬೈದರು, ಬೈದಾದ ಮೇಲೆ ಅದೇ ಮಿರ್ಚಿ ಒಂದನ್ನು ಪೇಪರಿನಲ್ಲಿ ಸುತ್ತಿ ಯಾರೂ ನೋಡದ ಹಾಗೆ ಜೇಬಿಗೆ ಇಟ್ಟುಕೊಂಡರು. ಯಾರಿಗಿರಬಹುದು? ರಾತ್ರಿಯೆಲ್ಲಾ ಅದೇ ತಲೆಯಲ್ಲಿ ಓಡುತ್ತಿತ್ತು.

ಎರಡನೇ ದಿನ ಮೇಷ್ಟ್ರು ಕೇಳಿದ ಒಂದು ಪ್ರಶ್ನೆಗೇ 900 ರೂಪಾಯಿ ವಸೂಲಾಯ್ತು. ನಿಮ್ಮ ಪಾತ್ರ ಮಾಡಿದ ಕೆಲಸ ಅವನ ಮೈಯಲ್ಲಿ ಏನು ಉಳಿಸಿದೆ? ಹಾಲಪ್ಪ ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತವನು. ಅಲ್ಲಿ ಮಾತು ಕೇಳಿಸುವುದಿಲ್ಲ, ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಹಾಗಾಗಿ ಮನೆಯಲ್ಲೂ ಜೋರಾಗಿ ಮಾತಾಡುತ್ತಾನೆ, ಮೊಮ್ಮಕ್ಕಳು ತಾತನಿಗೆ ಸಿಟ್ಟು ಅಂದುಕೊಂಡಿದ್ದಾರೆ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಡನ ಹತ್ತಿರ ಪಿಸುಗುಟ್ಟುವುದು ಅವನ ಕಿವಿಗೆ ಬೀಳುವುದಿಲ್ಲ, ಆದರೆ ಎಲ್ಲಾ ಗೊತ್ತಾಗುತ್ತದೆ. ಇವತ್ತಿನವರೆಗೆ ಯಾರಿಗೂ ಅದನ್ನು ಹೇಳಿಲ್ಲ. ಇಷ್ಟು ಬರೆಯುವಾಗ ನನ್ನ ಕೈ ನಡುಗುತ್ತಿತ್ತು.

ಮಾತಿನ ಬಗ್ಗೆ ಹೇಳಿದ್ದೂ ಮನಸ್ಸಿಗೆ ನಾಟಿತು. ಕೆಲಸದವಳಿಗೆ ಮಾತ್ರ ಊರ ಭಾಷೆ ಕೊಟ್ಟು ವಕೀಲರ ಬಾಯಲ್ಲಿ ಪುಸ್ತಕದ ಕನ್ನಡ ಆಡಿಸುತ್ತೇವಲ್ಲ, ಅದು ಸುಳ್ಳು. ದಾವಣಗೆರೆಯ ವಕೀಲರೂ ಮನೆಗೆ ಹೋದರೆ 'ಬರ್ರಿ, ಕುಂದರ್ರಿ' ಅನ್ನುತ್ತಾರೆ, ಅಲ್ವಾ? ನಾನೂ ಇಷ್ಟು ದಿನ ಹಾಗೇ ಬರೆದಿದ್ದೆ. ಹಳೇ ಕತೆಗಳನ್ನು ತೆಗೆದು ತಿದ್ದುತ್ತಾ ಕೂತಿದ್ದೇನೆ.

ಬೇಜಾರಾಗಿದ್ದು ಒಂದೇ. 15 ಜನ ಅಂತ ಹೇಳಿ 26 ಜನರನ್ನು ಸೇರಿಸಿಕೊಂಡಿದ್ದರು, ಕಲಿಸುವವರು ಒಬ್ಬರೇ. ಬರೆದದ್ದನ್ನು ಓದಲು ಒಂಬತ್ತು ಜನಕ್ಕಷ್ಟೇ ಸಮಯ ಸಿಕ್ಕಿತು, ನನ್ನ ಸರದಿ ಬರಲೇ ಇಲ್ಲ. ಬರೆದದ್ದು ಇನ್ನೊಬ್ಬರ ಕಿವಿಗೆ ಬೀಳದೆ ಪಾತ್ರ ನಿಂತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಅರ್ಧ ಬರೆದಿಟ್ಟ ಕತೆ ಇದ್ದರೆ ಖಂಡಿತ ಹೋಗಿ, ಅದನ್ನು ಜೊತೆಗೇ ಒಯ್ಯಿರಿ. ಹೊಸದಾಗಿ ಶುರು ಮಾಡುವವರಿಗೆ ಆ ಫಾರಂ ನೋಡಿಯೇ ಉತ್ಸಾಹ ಇಳಿಯಬಹುದು. ದುಡ್ಡು ಕಟ್ಟುವ ಮೊದಲು ಎಷ್ಟು ಜನ ಅಂತ ಫೋನ್ ಮಾಡಿ ಕೇಳಿಕೊಳ್ಳಿ.