ಕಾಳಿಯೋ, ಬರಪೊಳೆಯೋ?

ಗೆಳೆಯರ ಗುಂಪಿನಲ್ಲಿ ರಾಫ್ಟಿಂಗ್ (ರಭಸದ ನೀರಿನಲ್ಲಿ ರಬ್ಬರ್ ದೋಣಿಯ ಸವಾರಿ) ಮಾತು ಬಂದರೆ ಈ ಎರಡೇ ನದಿಗಳ ಹೆಸರು ಜಗಳಕ್ಕೆ ನಿಲ್ಲುತ್ತವೆ. ಮೊದಲು ಕ್ಯಾಲೆಂಡರ್ ನೋಡಿ. ದಕ್ಷಿಣ ಕೊಡಗಿನ ಬರಪೊಳೆ ಮಳೆಯನ್ನೇ ನಂಬಿದ ಹೊಳೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅದರ ಆರ್ಭಟ, ಆಮೇಲೆ ಬರೀ ಬಂಡೆ. ದಾಂಡೇಲಿ ಕಡೆಯ ಕಾಳಿಯದು ತಿರುಗುಮುರುಗು: ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಗಣೇಶಗುಡಿಯಲ್ಲಿ ದೋಣಿ ಇಳಿಯುತ್ತದೆ, ಮಳೆಗಾಲ ಮುಗಿದ ಮೇಲೆಯೇ ಸೀಸನ್. ನೀರು ಬಿಡದ ದಿನ ದಡದಲ್ಲಿ ಕೂತು ಚಹಾ ಕುಡಿಯಬೇಕು, ಅಷ್ಟೇ. ಹೊರಡುವ ಮುನ್ನ ಫೋನ್ ಮಾಡಿ ಕೇಳಿ.

ಬರಪೊಳೆಯ ಓಟ ಚಿಕ್ಕದು, ಆದರೆ ಉಸಿರಾಡಲು ಬಿಡುವುದಿಲ್ಲ. ಕಾಳಿ ಉದ್ದಕ್ಕೆ ಹರಿಯುತ್ತದೆ, ಮಧ್ಯೆ ಮಧ್ಯೆ ಹಾರ್ನ್‌ಬಿಲ್ ಹಕ್ಕಿ ನೋಡುವಷ್ಟು ಪುರುಸೊತ್ತು ಕೊಡುತ್ತದೆ. ಮೊದಲ ಸಲದವರಿದ್ದರೆ ನನ್ನ ವೋಟು ಕಾಳಿಗೆ.

ಟೆಂಟ್ ಆಸೆಯಿದ್ದರಂತೂ ಕಾಳಿಯೇ. ಡಿಸೆಂಬರ್ ಚಳಿ, ಬೆಂಕಿ, ಹರಟೆ. ಕೊಡಗಿನ ಜುಲೈ ಮಳೆಯಲ್ಲಿ ಟೆಂಟ್ ಹಾಕಿದರೆ ಜಿಗಣೆಗಳಿಗೆ ಔತಣ. ತೋಟದ ಹೋಂಸ್ಟೇ ಹಿಡಿಯಿರಿ.

ದೂರ? ಹುಬ್ಬಳ್ಳಿಯವರಿಗೆ ದಾಂಡೇಲಿ ಪಕ್ಕದ ಮನೆ. ಬೆಂಗಳೂರಿಗರು ಶುಕ್ರವಾರ ರಾತ್ರಿಯೇ ಬಸ್ಸು ಹತ್ತಬೇಕು. ಅವರಿಗೆ ಕೊಡಗೇ ಹತ್ತಿರ. ಈಜು ಬರಲಿ ಬಿಡಲಿ, ಲೈಫ್ ಜಾಕೆಟ್ ಪಟ್ಟಿ ಬಿಗಿಯಾಗಿರಲಿ.