ಗಡಿಯಾರದ ಎದುರು ಬೇಸ್‌ಬಾಲ್: 2023ರ ಮೇಜರ್ ಲೀಗ್ ಋತು ಹೇಗಿತ್ತು?

ಡಲ್ಲಾಸ್ ಆಸುಪಾಸಿನಲ್ಲಿ ನೆಲೆಸಿದ ಮೇಲೆ ಬೇಸ್‌ಬಾಲಿನ ರುಚಿ ಹತ್ತಿಸಿಕೊಂಡ ನನ್ನಂಥ ಕನ್ನಡಿಗರಿಗೆ ಈ ಆಟದ ಬಗ್ಗೆ ಇದ್ದ ದೊಡ್ಡ ತಕರಾರು ಒಂದೇ: ಇಲ್ಲಿ ಆಡುವುದಕ್ಕಿಂತ ಆಡಲು ಅಣಿಯಾಗುವುದೇ ಹೆಚ್ಚು. ಚೆಂಡೆಸೆಯುವ ಪಿಚರ್ ಟೋಪಿ ಸರಿಪಡಿಸಿಕೊಂಡು, ಚೆಂಡನ್ನು ಉಜ್ಜಿ, ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಕೊಟ್ಟ ಸನ್ನೆಗೆ ಎರಡು ಸಲ ಬೇಡವೆಂದು ತಲೆಯಾಡಿಸಿ, ಇನ್ನೇನು ಎಸೆದೇಬಿಟ್ಟ ಎನ್ನುವಷ್ಟರಲ್ಲಿ ಬ್ಯಾಟರ್ ಗೆರೆಯಿಂದ ಆಚೆ ಬಂದು ಕೈಗವಸಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗಿನ 2023ರ ಋತುವಿನಲ್ಲಿ ಈ ಪೂಜೆ ಪುನಸ್ಕಾರಗಳಿಗೆಲ್ಲ ಕತ್ತರಿ ಬಿತ್ತು. ಟಿಕೆಟ್ಟಿನ ದುಡ್ಡಿಗೂ ಕೂತ ಸಮಯಕ್ಕೂ ಮೋಸವಾಗದ ಋತುವದು ಎಂದು ಧಾರಾಳವಾಗಿ ಹೇಳುತ್ತೇನೆ. ಆದರೆ ಆರು ತಿಂಗಳ ಲೀಗ್ ಹಂತಕ್ಕೆ ಕೊಡುವಷ್ಟು ಅಂಕವನ್ನು ಅಕ್ಟೋಬರಿನ ನಾಕೌಟ್ ಹಂತಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ಬದಲಾವಣೆಯ ಮೂಲ ಪಿಚ್ ಗಡಿಯಾರ. ಓಟಗಾರರು ಮುಟ್ಟಿ ಸಾಗುವ ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡು, ಯಾರಾದರೂ ಇದ್ದರೆ 20 ಸೆಕೆಂಡಿನೊಳಗೆ ಪಿಚರ್ ಎಸೆತ ಆರಂಭಿಸಬೇಕೆಂಬುದು 2023ರ ನಿಯಮವಾಗಿತ್ತು. ತಪ್ಪಿದರೆ ಬ್ಯಾಟರ್‌ಗೆ ಒಂದು ಬಾಲ್ (ಪಿಚರ್‌ನ ತಪ್ಪು ಎಸೆತದ ಲೆಕ್ಕ; ನಾಲ್ಕಾದರೆ ಬ್ಯಾಟರ್‌ಗೆ ಮೊದಲ ಬೇಸ್) ಪುಕ್ಕಟೆ. ಇನ್ನು 8 ಸೆಕೆಂಡು ಉಳಿದಿರುವ ಹೊತ್ತಿಗೆ ಬ್ಯಾಟರ್ ಸಿದ್ಧನಾಗಿ ಪಿಚರ್‌ನತ್ತ ನೋಡುತ್ತಿರಬೇಕು; ಇಲ್ಲವಾದರೆ ಅವನ ಲೆಕ್ಕಕ್ಕೆ ಒಂದು ಸ್ಟ್ರೈಕ್ (ಮೂರಾದರೆ ಔಟ್). ಮೊದಲ ದಿನವೇ, ಮಾರ್ಚ್ 30ರಂದು, ಶಿಕಾಗೊ ಕಬ್ಸ್ ತಂಡದ ಮಾರ್ಕಸ್ ಸ್ಟ್ರೋಮನ್ ಈ ನಿಯಮಕ್ಕೆ ಸಿಕ್ಕಿಬಿದ್ದ ಮೊದಲ ಪಿಚರ್ ಎನಿಸಿಕೊಂಡರು. ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯ ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿದ್ದದ್ದು ಈ ಸಲ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಹೀಗೆ ಹೋದ 24 ನಿಮಿಷಗಳಲ್ಲಿ ಆಟದ ಒಂದು ಚೂರೂ ಇರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ: ಎಸೆತಗಳು ಅಷ್ಟೇ, ಔಟ್‌ಗಳು ಅಷ್ಟೇ, ಹೋದದ್ದು ಕೈಗವಸಿನ ಪಟ್ಟಿ ಮಾತ್ರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಐಸಿಸಿ ಕೂಡ ಓವರುಗಳ ನಡುವೆ 60 ಸೆಕೆಂಡಿನ ಗಡಿಯಾರವನ್ನು ಪ್ರಾಯೋಗಿಕವಾಗಿ ತಂದಾಗ, ಕ್ರಿಕೆಟ್ಟಿಗೂ ಈ ಬುದ್ಧಿ ತಡವಾಗಿಯಾದರೂ ಬಂತಲ್ಲ ಎಂದುಕೊಂಡೆ.

ಜುಲೈನಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ಸೋದರಮಾವನನ್ನು ಆರ್ಲಿಂಗ್ಟನ್ನಿನ ಗ್ಲೋಬ್ ಲೈಫ್ ಫೀಲ್ಡ್‌ಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಟೆಕ್ಸಸ್‌ನ ಬೇಸಿಗೆ ಕುದಿಯುತ್ತಿತ್ತು. ಒಳಗೆ ಛಾವಣಿ ಮುಚ್ಚಿ ಏಸಿ ಹಾಕಿದ್ದರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೆಸ್ಟ್ ಪಂದ್ಯಗಳನ್ನು ಐದೂ ದಿನ ಕೂತು ನೋಡಿದ ಆಸಾಮಿ ಅವರು; ಆಟದ ನಿಯಮ ಅರ್ಥವಾಗುವ ಮೊದಲೇ ಅವರ ಕಣ್ಣು ಬ್ಯಾಟರ್‌ನ ಹಿಂದೆ ಗೋಡೆಯ ಮೇಲೆ ಇಳಿಯುತ್ತಿದ್ದ ಅಂಕಿಗಳ ಮೇಲೆ ನೆಟ್ಟಿತ್ತು. ಎದುರಾಳಿ ಪಿಚರ್ ತಡಮಾಡಿದಾಗಲೆಲ್ಲ ಸುತ್ತಲಿನ ಜನ ಐದು, ನಾಲ್ಕು, ಮೂರು ಎಂದು ಕೂಗುತ್ತಿದ್ದರೆ ಮಾವನೂ ಕನ್ನಡದಲ್ಲೇ ದನಿಗೂಡಿಸಿದರು. ಏಳು ಗಂಟೆಗೆ ಶುರುವಾದ ಪಂದ್ಯ ಹತ್ತರೊಳಗೆ ಮುಗಿದು ಎಲ್ಲರೂ ಎದ್ದಾಗ, "ಇಷ್ಟು ಬೇಗ ಮುಗೀತೇನೋ? ಇನ್ನೂ ನಿಯಮ ಅರ್ಥ ಆಗ್ತಾ ಇತ್ತು" ಎಂದರು. ಬೇಸ್‌ಬಾಲ್ ಬೇಗ ಮುಗಿಯಿತೆಂಬ ದೂರನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೆಯ ಬದಲಾವಣೆ ಕಣ್ಣಿಗೆ ಸಣ್ಣದಾದರೂ ಆಟದ ಸ್ವಭಾವವನ್ನೇ ಬದಲಿಸಿತು. ಬೇಸ್‌ಗಳ ಅಗಲವನ್ನು 15 ಅಂಗುಲದಿಂದ 18ಕ್ಕೆ ಏರಿಸಿದ್ದರಿಂದ ಮೊದಲ ಮತ್ತು ಎರಡನೆಯ ಬೇಸ್‌ಗಳ ನಡುವಿನ ಅಂತರ ನಾಲ್ಕೂವರೆ ಅಂಗುಲ ತಗ್ಗಿತು. ಜೊತೆಗೆ, ಒಬ್ಬ ಬ್ಯಾಟರ್ ಆಡುತ್ತಿರುವಾಗ ಪಿಚರ್ ಎರಡೇ ಸಲ ಎಸೆತ ನಿಲ್ಲಿಸಿ ಬೇಸ್‌ನತ್ತ ತಿರುಗಬಹುದು, ಮೂರನೆಯ ಸಲ ಓಟಗಾರನನ್ನು ಔಟ್ ಮಾಡಲಾಗದಿದ್ದರೆ ಅವನಿಗೆ ಮುಂದಿನ ಬೇಸ್ ದಕ್ಕುತ್ತದೆ ಎಂಬ ಕಟ್ಟುಪಾಡು ಬಂತು. ಬ್ಯಾಟರ್‌ನ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಕದ್ದು ಓಡುವವರಿಗೆ ಇದು ಹಬ್ಬ. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳ ಸಂಖ್ಯೆ 3,503ಕ್ಕೆ ಏರಿತು. ಈ ಅವಕಾಶವನ್ನು ಸಂಪೂರ್ಣ ಸೂರೆ ಮಾಡಿದವರು ಅಟ್ಲಾಂಟಾ ಬ್ರೇವ್ಸ್‌ನ ರೊನಾಲ್ಡ್ ಅಕುನ್ಯಾ: 41 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸಿ ಎಲ್ಲ ಬೇಸ್ ಸುತ್ತುವ ಹೊಡೆತ), 73 ಕದ್ದ ಬೇಸ್. ಒಂದೇ ಋತುವಿನಲ್ಲಿ 40 ಹೋಮ್ ರನ್ ಮತ್ತು 70 ಕದ್ದ ಬೇಸ್ ಮುಟ್ಟಿದವರು ಅವರಿಗಿಂತ ಹಿಂದೆ ಯಾರೂ ಇರಲಿಲ್ಲ. ನಿಯಮದ ನೆರವಿನಿಂದ ಆದ ದಾಖಲೆಯೆಂದು ಮೂಗುಮುರಿಯುವವರಿದ್ದಾರೆ. ಅದೇ ನಿಯಮ ಉಳಿದವರಿಗೂ ಇತ್ತಲ್ಲ ಎಂಬುದಷ್ಟೇ ನನ್ನ ಉತ್ತರ. ಕ್ಷೇತ್ರರಕ್ಷಕರು ಒಂದೇ ಕಡೆಗೆ ಗುಂಪುಗೂಡಬಾರದೆಂಬ ಮೂರನೆಯ ನಿಯಮದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ಲೀಗಿನ ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟರ್ ಹೊಡೆದು ಬೇಸ್ ಮುಟ್ಟುವ ಪ್ರಮಾಣ, .243ರಿಂದ .248ಕ್ಕೆ ಬಂತು, ಅಷ್ಟೇ.

ಶೋಹೆ ಒಟಾನಿಯ ವಿಷಯಕ್ಕೆ ಬಂದರೆ ವಿಮರ್ಶಕನ ಮಾತು ಸೋಲುತ್ತದೆ. 44 ಹೋಮ್ ರನ್ ಹೊಡೆದ ಅದೇ ಕೈಯಿಂದ ಎಸೆದು 10 ಪಂದ್ಯ ಗೆಲ್ಲಿಸಿ, 167 ಜನರನ್ನು ಸ್ಟ್ರೈಕ್‌ಔಟ್ ಮಾಡಿದ ಎಂದು ಬರೆಯಲು ಹೊರಟವನಿಗೆ ತಟ್ಟನೆ ನೆನಪಾಗುತ್ತದೆ, ಎಸೆಯುವುದು ಬಲಗೈಯಲ್ಲಿ, ಬ್ಯಾಟ್ ಬೀಸುವುದು ಎಡಗೈ ಶೈಲಿಯಲ್ಲಿ! ಆಗಸ್ಟ್ 23ರಂದು ಮೊದಲ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು, ಎರಡನೆಯ ಇನ್ನಿಂಗ್ಸ್‌ನಲ್ಲಿ ಎಸೆಯುತ್ತಿರುವಾಗಲೇ ಹಿಂದೆ ಸರಿದ ಅವರ ಮೊಣಕೈಯ ಅಸ್ಥಿರಜ್ಜು (ಲಿಗಮೆಂಟ್) ಹರಿದಿರುವುದು ಆಮೇಲೆ ತಿಳಿಯಿತು. ಆದರೂ ಅದೇ ದಿನದ ಎರಡನೆಯ ಪಂದ್ಯದಲ್ಲಿ ಬ್ಯಾಟ್ ಹಿಡಿದು ಬಂದರು. ಲೀಗಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಎರಡನೆಯ ಸಲ ಸರ್ವಾನುಮತದಿಂದ ಅವರಿಗೆ ಸಂದಿತು. ಅವರ ಆಗಿನ ತಂಡ ಏಂಜೆಲ್ಸ್ ಮಾತ್ರ 73 ಗೆದ್ದು 89 ಸೋತು ಮನೆಗೆ ಹೋಯಿತು.

ಈ ಋತುವಿನ ಕಪ್ಪುಚುಕ್ಕೆ ಓಕ್ಲೆಂಡ್. ಊರು ಬಿಟ್ಟು ಲಾಸ್ ವೇಗಸ್‌ಗೆ ಹೊರಟ ಮಾಲೀಕರು ತಂಡವನ್ನು ಸೊರಗಲು ಬಿಟ್ಟರು. 'ಎ'ಸ್' ಎಂದೇ ಕರೆಯುವ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ 112 ಪಂದ್ಯ ಸೋತಿತು. ಜನ ಬರುವುದಿಲ್ಲ ಎಂಬ ಮಾಲೀಕರ ನೆಪಕ್ಕೆ ಉತ್ತರವಾಗಿ ಜೂನ್ 13ರಂದು ಅಭಿಮಾನಿಗಳು ತಲೆಕೆಳಗಾದ ಬಹಿಷ್ಕಾರವೊಂದನ್ನು ಹೂಡಿ, ಖಾಲಿ ಹೊಡೆಯುತ್ತಿದ್ದ ಕ್ರೀಡಾಂಗಣಕ್ಕೆ 27,759 ಮಂದಿ ನುಗ್ಗಿ, ತಂಡವನ್ನು ಮಾರಿಬಿಡಿ ಎಂದು ಒಂದೇ ದನಿಯಲ್ಲಿ ಕೂಗಿದರು. ಅಂದು ತಂಡ ಗೆದ್ದಿತು ಕೂಡ. ನವೆಂಬರ್‌ನಲ್ಲಿ ಉಳಿದ ತಂಡಗಳ ಮಾಲೀಕರು ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟರು. ಒಟ್ಟು 7.07 ಕೋಟಿ ಪ್ರೇಕ್ಷಕರು ಮೈದಾನಕ್ಕೆ ಬಂದರೆಂದು ಬೀಗುವ ಲೀಗಿಗೆ ಆ 27 ಸಾವಿರ ಜನರ ಕೂಗು ಕೇಳಿಸಲಿಲ್ಲ ಎಂಬುದು ನನಗೆ ಈಗಲೂ ಕಹಿ.

ಇನ್ನು ನಾಕೌಟ್. ಲೀಗ್ ಹಂತದಲ್ಲಿ 104 ಪಂದ್ಯ ಗೆದ್ದ ಬ್ರೇವ್ಸ್, 101 ಗೆದ್ದ ಬಾಲ್ಟಿಮೋರ್ ಓರಿಯೋಲ್ಸ್, 100 ಗೆದ್ದ ಲಾಸ್ ಏಂಜಲೀಸ್ ಡಾಜರ್ಸ್, ಈ ಮೂರೂ ಸೇರಿ ಅಕ್ಟೋಬರಿನಲ್ಲಿ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಒಂಬತ್ತು. ನೇರ ಅರ್ಹತೆ ಪಡೆದು ಬಿಡುವಿನಲ್ಲಿ ಕೂತವರು ಐದು ಪಂದ್ಯಗಳ ಒಂದು ಪುಟ್ಟ ಸರಣಿಯಲ್ಲಿ ಉದುರಿಹೋಗುವುದಾದರೆ, ಆರು ತಿಂಗಳ ಬೆವರಿಗೆ ಬೆಲೆಯೇನು? ಕೇವಲ 84 ಗೆಲುವಿನೊಂದಿಗೆ ಹಿಂಬಾಗಿಲಿನಿಂದ ಬಂದ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಫೈನಲ್ ತಲುಪಿತು. ಅದು ಕೆಚ್ಚಿನ ತಂಡವೆಂಬುದರಲ್ಲಿ ಅನುಮಾನವಿಲ್ಲ. ನನ್ನ ದೂರು ಏಣಿ ಇಟ್ಟವರ ಮೇಲೆ, ಹತ್ತಿದವರ ಮೇಲಲ್ಲ.

ಹೀಗೆ ದೂರುವಾಗ ಒಂದು ತಪ್ಪೊಪ್ಪಿಗೆಯೂ ಆಗಬೇಕು, ಏಕೆಂದರೆ ಇದೇ ಏಣಿಯನ್ನು ಹತ್ತಿ ಕಪ್ ಗೆದ್ದದ್ದು ನಮ್ಮೂರಿನ ಟೆಕ್ಸಸ್ ರೇಂಜರ್ಸ್. 2021ರಲ್ಲಿ 102 ಪಂದ್ಯ ಸೋತಿದ್ದ ತಂಡವಿದು. ನಿವೃತ್ತಿಯಿಂದ ಎದ್ದು ಬಂದ ವ್ಯವಸ್ಥಾಪಕ ಬ್ರೂಸ್ ಬೋಚಿಯ ಕೈಗೆ ಸಿಕ್ಕಿ, 90 ಗೆಲುವಿನೊಂದಿಗೆ ವೈಲ್ಡ್ ಕಾರ್ಡ್ (ವಿಭಾಗದಲ್ಲಿ ಮೊದಲಿಗರಾಗದ ತಂಡಗಳಿಗೆ ಸಿಗುವ ನಾಕೌಟ್ ಪ್ರವೇಶ) ಪಡೆದು, ನಾಕೌಟ್‌ನಲ್ಲಿ ಪರವೂರಿನಲ್ಲಿ ಆಡಿದ 11 ಪಂದ್ಯಗಳನ್ನೂ ಗೆದ್ದಿತು. ಫೈನಲ್‌ಗೂ ಮುಂಚಿನ ಸುತ್ತಿನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಎದುರಿನ ಏಳೂ ಪಂದ್ಯಗಳಲ್ಲಿ ಆತಿಥೇಯ ತಂಡವೇ ಸೋತದ್ದನ್ನು ನೋಡಿ, ಮನೆಯ ಮೈದಾನವೆಂದರೆ ಶಾಪವೇ ಎಂದು ನಾವು ಕಚೇರಿಯಲ್ಲಿ ತಮಾಷೆ ಮಾಡಿಕೊಳ್ಳುತ್ತಿದ್ದೆವು. ಫೈನಲ್ ಸರಣಿ 4-1ಕ್ಕೆ ಮುಗಿಯಿತು. ಮೊದಲ ಪಂದ್ಯವನ್ನೂ, ಕೊನೆಯ ಪಂದ್ಯದಲ್ಲಿ ಅರಿಜೋನಾದ ಜ್ಯಾಕ್ ಗ್ಯಾಲನ್ ಆರು ಇನ್ನಿಂಗ್ಸ್‌ಗಳವರೆಗೆ ಒಂದೂ ಹಿಟ್ (ಬೇಸ್ ಮುಟ್ಟಿಸುವ ಹೊಡೆತ) ಕೊಡದೆ ಎಸೆದೂ ಸೋತದ್ದನ್ನೂ ಬಿಟ್ಟರೆ, ಉಳಿದಂತೆ ಅದು ಏಕಪಕ್ಷೀಯ ಸರಣಿ. ಟಿವಿಯಲ್ಲಿ ನೋಡಿದವರ ಸಂಖ್ಯೆ ಕುಸಿದದ್ದರಲ್ಲಿ ಅಚ್ಚರಿಯಿಲ್ಲ.

ಮರುಪ್ರಸಾರದಲ್ಲಿ ಒಂದೇ ಪಂದ್ಯ ನೋಡುವ ಬಿಡುವಿದ್ದವರು ಅಕ್ಟೋಬರ್ 27ರ ಮೊದಲ ಫೈನಲ್ ಪಂದ್ಯವನ್ನು ನೋಡಬೇಕು. ರೇಂಜರ್ಸ್ 3-5ರಿಂದ ಹಿಂದಿದ್ದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಕೋರಿ ಸೀಗರ್ ಮೊದಲ ಎಸೆತವನ್ನೇ ಬಲಬದಿಯ ಪ್ರೇಕ್ಷಕರ ನಡುವೆ ಎತ್ತಿ ಬಿಸಾಡಿ ಸ್ಕೋರ್ ಸಮಮಾಡಿ, ಎಂದೂ ಮುಖದ ಗಂಟು ಬಿಡಿಸದ ಮನುಷ್ಯ ಓಡುತ್ತಲೇ ಗಂಟಲು ಹರಿಯುವಂತೆ ಕಿರುಚುತ್ತಾನೆ. ಹನ್ನೊಂದನೆಯದರಲ್ಲಿ ಅಡೋಲಿಸ್ ಗಾರ್ಸಿಯಾ ಹೊಡೆದ ಹೋಮ್ ರನ್‌ನಿಂದ ಪಂದ್ಯವೂ ಮುಗಿಯಿತು, ಒಂದೇ ನಾಕೌಟ್ ಋತುವಿನಲ್ಲಿ ಅತಿ ಹೆಚ್ಚು ರನ್ ತಂದುಕೊಟ್ಟ ದಾಖಲೆಯೂ 22ಕ್ಕೆ ಏರಿತು. ಅಲ್ಲಿಯವರೆಗೆ 21ರಲ್ಲಿದ್ದ ಆ ದಾಖಲೆಯನ್ನು 2011ರಲ್ಲಿ ಬರೆದಿದ್ದವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಡೇವಿಡ್ ಫ್ರೀಸ್. ಅಂದು ಕಪ್ಪಿಗೆ ಒಂದೇ ಸ್ಟ್ರೈಕ್ ದೂರದಲ್ಲಿದ್ದ ತಂಡದ ಬಾಯಿಂದ ತುತ್ತು ಕಸಿದು, ಆರನೆಯ ಪಂದ್ಯದ ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಅವರು ಹೋಮ್ ರನ್ ಹೊಡೆದದ್ದು ಇದೇ ರೇಂಜರ್ಸ್ ವಿರುದ್ಧ.